ನಡು ಹಿಡಿಯುವ ಲೆಕ್ಕ: ಶಾಲೆಯ ಅಂಗಳದಲ್ಲಿ ನೆರಳಿನ ಅಳತೆ

(ಪ್ರೌಢಶಾಲಾ ಗಣಿತ ಮತ್ತು ವಿಜ್ಞಾನ ಶಿಕ್ಷಕರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಶಿಕ್ಷಕ ಮಿತ್ರರೇ,

"ಮಧ್ಯಾಹ್ನ ಹನ್ನೆರಡು ಗಂಟೆಗೆ ಸೂರ್ಯ ನೆತ್ತಿಯ ಮೇಲಿರುತ್ತಾನೆ." ಈ ಮಾತನ್ನು ಮಕ್ಕಳೂ ನಂಬುತ್ತಾರೆ, ನಾವೂ ಯೋಚಿಸದೆ ಹೇಳಿಬಿಡುತ್ತೇವೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತಪ್ಪುಗಳಿವೆ. ಬೆಂಗಳೂರಿನಲ್ಲಿ ಗಡಿಯಾರ 12 ತೋರಿಸುವ ಹೊತ್ತಿಗೆ ನಿಜವಾದ ನಡುಹಗಲು ಆಗಿರುವ ದಿನ ವರ್ಷದಲ್ಲಿ ಒಂದೂ ಇಲ್ಲ. ನಡುಹಗಲಿನಲ್ಲಾದರೂ ಸೂರ್ಯ ನೆತ್ತಿಗೆ ಬರುವುದು ವರ್ಷಕ್ಕೆ ಎರಡೇ ದಿನ. ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತಿದ್ದಬಹುದು. ಒಂದು ಕಡ್ಡಿ ನೆಟ್ಟು ತಿದ್ದಿದರೆ ಹತ್ತನೇ ತರಗತಿಯ ತ್ರಿಕೋನಮಿತಿ, ಭೂಗೋಳದ ಅಕ್ಷಾಂಶ ರೇಖಾಂಶ, ಅಳತೆಯ ತಪ್ಪಿನ ಲೆಕ್ಕ, ಮೂರೂ ಒಟ್ಟಿಗೆ ಕೈಗೆ ಸಿಗುತ್ತವೆ.

ಇಂದು ಮುಖ್ಯವಾಗಿ ಹೇಳಬೇಕಾದ್ದು ಒಂದು ಉಪಾಯ. ನೆರಳು ಅತಿ ಗಿಡ್ಡವಾಗುವ ಕ್ಷಣ, ಅತಿ ಉದ್ದವಾಗುವ ದಿನ, ಇಂಥ ತುತ್ತತುದಿಗಳನ್ನು ನೇರವಾಗಿ ಹಿಡಿಯಲು ಹೋದರೆ ಅವು ಸಿಗುವುದಿಲ್ಲ. ಅಲ್ಲಿ ನೆರಳು ನಿಂತಂತೆ ಇರುತ್ತದೆ. ಹಾಗಾಗಿ ತುದಿಯ ಎರಡೂ ಬದಿಗಳಲ್ಲಿ, ನೆರಳು ಚುರುಕಾಗಿ ಓಡುವ ಕಡೆ ಅಳೆದು, ನಡುವನ್ನು ಲೆಕ್ಕದಿಂದ ಹಿಡಿಯಬೇಕು. ದಿಕ್ಕಿಗೂ ಇದೇ, ಗಂಟೆಗೂ ಇದೇ, ಸೂರ್ಯ ಉತ್ತರಕ್ಕೋ ದಕ್ಷಿಣಕ್ಕೋ ತಿರುಗುವ ಅಯನದ ದಿನಕ್ಕೂ ಇದೇ.

ಮೊದಲು ಸಲಕರಣೆ. ಎರಡು ಶಂಕುಗಳು, ಅಂದರೆ ನೆರಳು ಅಳೆಯಲು ನೆಟ್ಟಗೆ ನಿಲ್ಲಿಸುವ ಕಡ್ಡಿಗಳು, ಬೇಕು. ಒಂದರಲ್ಲೇ ಎಲ್ಲವನ್ನೂ ಮಾಡಲು ಹೊರಟರೆ ಸೋಲುತ್ತೇವೆ. ದಿನವಿಡೀ ನೆರಳಿನ ಜಾಡು ಗುರುತಿಸಲು ಚಿಕ್ಕ ಶಂಕು, ನಡುಹಗಲಿನ ಉದ್ದ ಅಳೆಯಲು ದೊಡ್ಡದು. ಒಂದು ಮೀಟರಿನ ಕೋಲು ನೆಟ್ಟು ಬೆಳಗಿನಿಂದ ಸಂಜೆವರೆಗೆ ಗುರುತು ಹಾಕುತ್ತೇವೆಂದರೆ, ಡಿಸೆಂಬರಿನಲ್ಲಿ ನಡುಹಗಲಿಗೆ ಮೂರು ಗಂಟೆ ಮೊದಲು ಅದರ ನೆರಳು ಒಂದೂವರೆ ಮೀಟರ್ ದಾಟಿರುತ್ತದೆ. ಅಷ್ಟು ದೊಡ್ಡ ಸಮತಟ್ಟಾದ ನೆಲ ಯಾವ ಶಾಲೆಯಲ್ಲೂ ಸುಲಭಕ್ಕೆ ಸಿಗದು. ಮಳೆನೀರು ಹರಿದುಹೋಗಲೆಂದು ಅಂಗಳಕ್ಕೆ ಬೇಕೆಂದೇ ಇಳಿಜಾರು ಕೊಟ್ಟಿರುತ್ತಾರೆ.

ಚಿಕ್ಕ ಶಂಕುವಿಗೆ 3 ಅಡಿ ಉದ್ದ 2 ಅಡಿ ಅಗಲದ ಪ್ಲೈವುಡ್ ಹಲಗೆ, ಅದರ ಮೇಲೆ ಬಿಳಿ ಚಾರ್ಟ್ ಪೇಪರ್, ನಡುವಿನಲ್ಲಿ ನೇರವಾಗಿ ನಿಲ್ಲಿಸಿದ ಸೈಕಲ್ ಕಡ್ಡಿ ಸಾಕು. ಹಲಗೆಯ ಉದ್ದನೆಯ ಬದಿ ಸುಮಾರಾಗಿ ಪೂರ್ವ ಪಶ್ಚಿಮಕ್ಕಿರಲಿ. ಕಡ್ಡಿ ಲಂಬವಾಗಿದೆಯೇ ಎಂದು ಮೂಲೆಮಟ್ಟವನ್ನು ಎರಡು ದಿಕ್ಕಿನಿಂದ ಇಟ್ಟು ನೋಡಿ. ಹಲಗೆಯ ಮಟ್ಟ ನೋಡಲು ಮೇಸ್ತ್ರಿಗಳ ರಸಮಟ್ಟ ತನ್ನಿ; ಉದ್ದಕ್ಕೂ ಅಡ್ಡಕ್ಕೂ ನೋಡಿ, ಮೂಲೆಗಳ ಕೆಳಗೆ ಮಡಚಿದ ಕಾಗದ ಸೇರಿಸಿ ಸರಿಮಾಡಿ.

ಇಲ್ಲಿ ಮೊದಲ ಸಮಸ್ಯೆ ಎದುರಾಗುತ್ತದೆ. ಕಡ್ಡಿಯ ನೆರಳಿನ ತುದಿ ಕಾಣುವುದೇ ಇಲ್ಲ, ಎಲ್ಲೋ ಮಬ್ಬಾಗಿ ಕರಗಿಹೋಗಿರುತ್ತದೆ. ಕಾರಣ, ಸೂರ್ಯ ಚುಕ್ಕೆಯಲ್ಲ, ತಟ್ಟೆ. ನಮ್ಮ ಕಣ್ಣಿಗೆ ಅದು ಸುಮಾರು ಅರ್ಧ ಡಿಗ್ರಿ ಅಗಲ. ಹೀಗಾಗಿ ಯಾವುದೇ ವಸ್ತುವಿನ ಗಾಢ ನೆರಳು ಅದರ ಅಗಲದ ಸುಮಾರು 108 ಪಟ್ಟು ದೂರದವರೆಗೆ ಮಾತ್ರ ಉಳಿಯುತ್ತದೆ. ಸೈಕಲ್ ಕಡ್ಡಿಯ ದಪ್ಪ 2 ಮಿ.ಮೀ.; ಅದರ ಗಾಢ ನೆರಳು 21 ಸೆಂ.ಮೀ. ದಾಟುತ್ತಿದ್ದಂತೆ ಮುಗಿಯಿತು. ಪರಿಹಾರ ಸುಲಭ. ಕಡ್ಡಿಯ ತುದಿಗೆ 8 ಮಿ.ಮೀ. ಗಾತ್ರದ ಒಂದು ಮಣಿ ಸಿಕ್ಕಿಸಿ. ಈಗ ಹಲಗೆಯ ಮೇಲೆ ಬೀಳುವುದು ದುಂಡನೆಯ ಮಚ್ಚೆ. ಅದರ ಅಂಚು ಮಬ್ಬಾದರೂ ನಡುವನ್ನು ಕಣ್ಣಳತೆಯಲ್ಲೇ ಮಿಲಿಮೀಟರ್ ಲೆಕ್ಕದಲ್ಲಿ ಗುರುತಿಸಬಹುದು. ಮಣಿಯ ನಡುವಿನಿಂದ ಹಲಗೆಗೆ ಸರಿಯಾಗಿ 25 ಸೆಂ.ಮೀ. ಇರಲಿ. ಈ ಮಬ್ಬಂಚಿನ ತೊಂದರೆ ನಮಗಷ್ಟೇ ಅಲ್ಲ, ಜೈಪುರದ ಜಂತರ್ ಮಂತರ್‌ನಲ್ಲಿರುವ 27 ಮೀಟರ್ ಎತ್ತರದ ನೆರಳು ಗಡಿಯಾರ ಸಮ್ರಾಟ್ ಯಂತ್ರಕ್ಕೂ ಇದೆ. ಶಂಕು ದೊಡ್ಡದಾದಷ್ಟೂ ಮಬ್ಬಂಚೂ ದೊಡ್ಡದಾಗುತ್ತದೆ.

ಈಗ ದಿಕ್ಕು. ಶಂಕುವಿನ ಬುಡವನ್ನು ಕೇಂದ್ರವಾಗಿಟ್ಟು ನಾಲ್ಕೈದು ವೃತ್ತಗಳನ್ನು ಎಳೆಯಿರಿ. ಡಿಸೆಂಬರಿನಲ್ಲಾದರೆ 20, 22, 24, 26, 28 ಸೆಂ.ಮೀ.; ಮಾರ್ಚಿನಲ್ಲಾದರೆ 8 ಸೆಂ.ಮೀ.ನಿಂದ ಶುರು ಮಾಡಬಹುದು. ಬೆಳಿಗ್ಗೆ ನೆರಳಿನ ಮಚ್ಚೆ ಒಂದೊಂದೇ ವೃತ್ತವನ್ನು ದಾಟಿ ಒಳಗೆ ಬರುತ್ತದೆ, ಮಧ್ಯಾಹ್ನದ ಮೇಲೆ ಅದೇ ವೃತ್ತಗಳನ್ನು ದಾಟಿ ಹೊರಗೆ ಹೋಗುತ್ತದೆ. ಪ್ರತಿ ಸಲವೂ ಚುಕ್ಕೆ ಇಟ್ಟು ಪಕ್ಕದಲ್ಲಿ ಗಂಟೆ ನಿಮಿಷ ಬರೆಯಿರಿ. ಒಂದೇ ವೃತ್ತದ ಎರಡು ಚುಕ್ಕೆಗಳನ್ನು ಸೇರಿಸಿದರೆ ಪೂರ್ವ ಪಶ್ಚಿಮ ರೇಖೆ. ಅದರ ನಡುಬಿಂದುವಿನಿಂದ ಬುಡಕ್ಕೆ ಎಳೆದರೆ ಉತ್ತರ ದಕ್ಷಿಣ ರೇಖೆ. ಕಾತ್ಯಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಗೆ ದಿಕ್ಕು ಹಿಡಿಯಲು ಹೇಳಿರುವುದು ಇದೇ ಕ್ರಮ. ಅಲ್ಲಿ ಶಂಕುವಿನ ಎತ್ತರವನ್ನೇ ವೃತ್ತದ ತ್ರಿಜ್ಯವಾಗಿ ತೆಗೆದುಕೊಳ್ಳುತ್ತಾರೆ.

ಒಂದೇ ವೃತ್ತ ಸಾಲದೇ ಎಂದು ಕೇಳಬಹುದು. ಸರಿಯಾಗಿ ಎರಡನೇ ಚುಕ್ಕೆಯ ಹೊತ್ತಿಗೆ ಮೋಡ ಬರುತ್ತದೆ ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಹೆಚ್ಚು ಮುಖ್ಯ. ಐದು ವೃತ್ತಗಳ ಐದು ರೇಖೆಗಳು ಸಮಾಂತರವಾಗಿದ್ದರೆ ಕೆಲಸ ಸರಿಯಾಗಿದೆ ಎಂದರ್ಥ. ಒಂದೇ ಕಡೆಗೆ ಸ್ವಲ್ಪ ಸ್ವಲ್ಪವೇ ತಿರುಗುತ್ತಾ ಹೋದರೆ ಕಡ್ಡಿ ಓರೆಯಾಗಿದೆ ಅಥವಾ ಹಲಗೆ ಮಟ್ಟವಾಗಿಲ್ಲ. ಒಂದೇ ಒಂದು ರೇಖೆ ಮಾತ್ರ ಸೊಟ್ಟಗಿದ್ದರೆ ಯಾರೋ ಚುಕ್ಕೆ ತಪ್ಪಿಟ್ಟಿದ್ದಾರೆ. ತಪ್ಪು ಎಲ್ಲಿದೆ ಎಂದು ಅಳತೆಯೇ ಹೇಳುವ ವ್ಯವಸ್ಥೆ ಇದು. ಬೆಳಿಗ್ಗೆಯಿಂದ ಮಧ್ಯಾಹ್ನಕ್ಕೆ ಸೂರ್ಯನ ಕ್ರಾಂತಿಯೇ (ಸಮಭಾಜಕದಿಂದ ಉತ್ತರಕ್ಕೋ ದಕ್ಷಿಣಕ್ಕೋ ಇರುವ ಕೋನ) ತುಸು ಬದಲಾಗಿರುತ್ತದಲ್ಲ ಎಂಬ ಆಕ್ಷೇಪ ಸರಿಯಾದದ್ದು. ನಮ್ಮ ಹಳೆಯ ಖಗೋಳ ಗ್ರಂಥಗಳ ಸಿದ್ಧಾಂತಕಾರರಿಗೂ ಅದು ಗೊತ್ತಿತ್ತು. ಆದರೆ ಬದಲಾವಣೆ ಹೆಚ್ಚಿರುವ ಮಾರ್ಚಿನಲ್ಲೂ, 10ಕ್ಕೊಂದು 2ಕ್ಕೊಂದು ಚುಕ್ಕೆ ಇಟ್ಟರೆ ರೇಖೆ ತಿರುಗುವುದು ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಮೊಬೈಲಿನ ದಿಕ್ಸೂಚಿಯನ್ನು ಮಾತ್ರ ಇದರ ಪಕ್ಕ ಇಟ್ಟು "ಸರಿ ಉತ್ತರ" ನೋಡಬೇಡಿ. ಕಟ್ಟಡದ ಕಬ್ಬಿಣದ ಸರಳುಗಳ ಹತ್ತಿರ ಅದು ಹಲವು ಡಿಗ್ರಿ ತಪ್ಪು ಹೇಳಬಲ್ಲದು. ನೆರಳಿನಿಂದಲೇ ದಿಕ್ಸೂಚಿಯನ್ನು ಪರೀಕ್ಷಿಸಿ.

ಅದೇ ಚುಕ್ಕೆಗಳ ಪಕ್ಕ ಬರೆದ ಸಮಯದಿಂದ ನಡುಹಗಲು ಸಿಗುತ್ತದೆ. ಬೆಂಗಳೂರಿನಲ್ಲಿ ಡಿಸೆಂಬರ್ 21ರಂದು 26 ಸೆಂ.ಮೀ. ವೃತ್ತವನ್ನು ನೆರಳು 10:22ಕ್ಕೆ ಒಳಹೊಕ್ಕು 2:13ಕ್ಕೆ ಹೊರಬಿತ್ತು ಎಂದಿಟ್ಟುಕೊಳ್ಳಿ. ಎರಡರ ನಡು 12 ಗಂಟೆ 17 ನಿಮಿಷ 30 ಸೆಕೆಂಡು. ಇದೇ ಅಲ್ಲಿನ ಆ ದಿನದ ನಡುಹಗಲು. ನೆರಳು ಅತಿ ಗಿಡ್ಡವಾಗುವುದನ್ನು ಕಾಯುತ್ತಾ ಕೂತಿದ್ದರೆ ಇದು ಸಿಗುತ್ತಿರಲಿಲ್ಲ. ಒಂದು ಮೀಟರ್ ಶಂಕುವಿನ ನೆರಳೂ ಆ ದಿನ ನಡುಹಗಲಿನ ಆಚೀಚೆ 10 ನಿಮಿಷದಲ್ಲಿ ಬದಲಾಗುವುದು ಕೇವಲ 2 ಮಿ.ಮೀ. ಸಮಯ ಹಿಡಿಯಲು ಇದು ಕೆಟ್ಟ ಸುದ್ದಿ, ಉದ್ದ ಅಳೆಯಲು ಒಳ್ಳೆಯ ಸುದ್ದಿ: ಟೇಪು ಹಿಡಿದವರು ಗಡಿಬಿಡಿ ಮಾಡಬೇಕಿಲ್ಲ.

ಹನ್ನೆರಡಕ್ಕೆ ಆಗಬೇಕಾದ್ದು ಹದಿನೇಳೂವರೆ ನಿಮಿಷ ತಡವಾಯಿತೇಕೆ? ನಮ್ಮ ಗಡಿಯಾರ ತೋರಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ. ಬೆಂಗಳೂರು 77.59 ಡಿಗ್ರಿಯಲ್ಲಿದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ, 4.91 ಡಿಗ್ರಿಗೆ 19.6 ನಿಮಿಷ. ಉಳಿದ ಎರಡು ನಿಮಿಷದ ವ್ಯತ್ಯಾಸ ಕಾಲಸಮೀಕರಣದ್ದು. ಭೂಮಿಯ ಕಕ್ಷೆ ದೀರ್ಘವೃತ್ತವಾಗಿರುವುದರಿಂದಲೂ ಅಕ್ಷ ವಾಲಿರುವುದರಿಂದಲೂ ಸೂರ್ಯ ವರ್ಷದಲ್ಲಿ ಕೆಲವೊಮ್ಮೆ ಗಡಿಯಾರಕ್ಕಿಂತ ಮುಂದೆ, ಕೆಲವೊಮ್ಮೆ ಹಿಂದೆ ಇರುತ್ತಾನೆ. ಫೆಬ್ರವರಿ 11ರ ಸುಮಾರಿಗೆ ಸುಮಾರು 14 ನಿಮಿಷ ಹಿಂದೆ, ನವೆಂಬರ್ 3ರ ಸುಮಾರಿಗೆ 16 ನಿಮಿಷ ಮುಂದೆ. ಹಾಗಾಗಿ ಬೆಂಗಳೂರಿನ ನಡುಹಗಲು ಫೆಬ್ರವರಿಯಲ್ಲಿ 12:34ರ ತನಕ ತಡವಾಗುತ್ತದೆ, ನವೆಂಬರಿನಲ್ಲಿ 12:03ಕ್ಕೇ ಬರುತ್ತದೆ. ಹನ್ನೆರಡಕ್ಕೆ ಮಾತ್ರ ಎಂದೂ ಬರುವುದಿಲ್ಲ. ತಿಂಗಳಿಗೆ ಎರಡು ಸಲ ನಡುಹಗಲಿನ ಸಮಯ ಬರೆದಿಟ್ಟರೆ ವರ್ಷದ ಕೊನೆಗೆ ಮಕ್ಕಳ ಗ್ರಾಫ್ ಹಾಳೆಯ ಮೇಲೆ ಈ ಏರಿಳಿತ ತಾನಾಗಿ ಮೂಡುತ್ತದೆ.

ರೇಖಾಂಶಕ್ಕೆ ಮಂಗಳೂರು ಮತ್ತು ಬೆಂಗಳೂರು ಹೇಳಿ ಮಾಡಿಸಿದ ಜೋಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ. ನಡುಹಗಲು ಮಾತ್ರ ಮಂಗಳೂರಿಗೆ 11 ನಿಮಿಷ ತಡ. ಎರಡೂ ಕಡೆಯ ಶಾಲೆಗಳು ಒಂದೇ ದಿನ ಅಳೆದರೆ ಕಾಲಸಮೀಕರಣ ಕಳೆದುಹೋಗುತ್ತದೆ, ಉಳಿಯುವುದು ಶುದ್ಧ ರೇಖಾಂಶದ ವ್ಯತ್ಯಾಸ. ಒಂದು ನಿಮಿಷದ ತಪ್ಪು ಸುಮಾರು 27 ಕಿ.ಮೀ. ತಪ್ಪಿಗೆ ಸಮ. ಎಲ್ಲರೂ ಕೈಗಡಿಯಾರ ಬಿಟ್ಟು ಮೊಬೈಲಿನ ಸಮಯವನ್ನೇ ಬರೆಯಲಿ.

ಇನ್ನು ದೊಡ್ಡ ಶಂಕು. ಇದಕ್ಕೆ ಕೋಲೇ ಬೇಡ. 20 ಸೆಂ.ಮೀ. ಚೌಕದ ದಪ್ಪ ರಟ್ಟಿನ ನಡುವೆ ಕಿಟಕಿ ಕತ್ತರಿಸಿ, ಅದಕ್ಕೆ ಅಲ್ಯುಮಿನಿಯಂ ಹಾಳೆ ಅಂಟಿಸಿ, 4 ಮಿ.ಮೀ. ರಂಧ್ರ ಮಾಡಿ. ರಟ್ಟನ್ನು ಯಾವುದಾದರೂ ಸ್ಟ್ಯಾಂಡಿಗೆ, ರಂಧ್ರ ನೆಲದಿಂದ 100 ಸೆಂ.ಮೀ. ಎತ್ತರದಲ್ಲಿರುವಂತೆ, ಸೂರ್ಯನ ಕಡೆಗೆ ತುಸು ವಾಲಿಸಿ ಕಟ್ಟಿ. ರಂಧ್ರದಿಂದ ತೂಗುಗುಂಡು ಇಳಿಬಿಟ್ಟು ಅದು ನೆಲ ಮುಟ್ಟುವ ಜಾಗವನ್ನು ಗುರುತಿಸಿ. ಅದೇ ಶಂಕುವಿನ ಬುಡ. ಸ್ಟ್ಯಾಂಡ್ ಎಷ್ಟು ಸೊಟ್ಟಗಿದ್ದರೂ ಚಿಂತೆಯಿಲ್ಲ. ಕೋಲು ಒಂದು ಡಿಗ್ರಿ ವಾಲಿದರೆ ಮೀಟರಿಗೆ 1.75 ಸೆಂ.ಮೀ. ತಪ್ಪು ಬರುತ್ತದೆ, ಶಾಲೆಗಳ ಅಳತೆ ಕೆಡುವುದು ಹೆಚ್ಚಾಗಿ ಇದರಿಂದಲೇ. ತೂಗುಗುಂಡು ಆ ತಪ್ಪನ್ನು ಬುಡದಲ್ಲೇ ಕೀಳುತ್ತದೆ.

ರಟ್ಟಿನ ನೆರಳಿನೊಳಗೆ ಸೂರ್ಯನ ಬಿಂಬ ಒಂದೂವರೆ ಸೆಂ.ಮೀ. ಅಗಲದ ಬೆಳಕಿನ ಮೊಟ್ಟೆಯಂತೆ ಬೀಳುತ್ತದೆ. ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ನಡು ಗುರುತಿಸಿ, ಬುಡದಿಂದ ಅಲ್ಲಿಗೆ ಅಳೆಯಿರಿ. ಬರೀ ಕೋಲಾಗಿದ್ದರೆ ಗಾಢ ನೆರಳಿನ ಅಂಚನ್ನು ಅಳೆಯುತ್ತಿದ್ದೆವು. ಅದು ಸೂರ್ಯನ ಮೇಲಂಚಿನ ನೆರಳು. ಸೂರ್ಯ ನೆತ್ತಿಯಿಂದ ಎಷ್ಟು ವಾಲಿದ್ದಾನೆ ಎಂಬ ಕೋನ ಕಾಲು ಡಿಗ್ರಿ ಕಡಿಮೆ ಬರುತ್ತಿತ್ತು. ಬುಡಕ್ಕೂ ಬಿಂಬಕ್ಕೂ ನಡುವೆ ನೆಲದ ಮಟ್ಟ ನೋಡಲು ಮರೆಯಬೇಡಿ. ಉತ್ತರಕ್ಕೆ ಮೀಟರಿಗೆ 1 ಸೆಂ.ಮೀ. ಇಳಿಜಾರಿದ್ದರೆ ಡಿಸೆಂಬರಿನ ನೆರಳು ಅರ್ಧ ಸೆಂ.ಮೀ.ಗೂ ಹೆಚ್ಚು ಹಿಗ್ಗುತ್ತದೆ. ಮತ್ತೆ, ರಂಧ್ರದ ಮೂಲಕ ಸೂರ್ಯನನ್ನು ನೋಡುವ ಆಸೆ ಒಬ್ಬ ಮಗುವಿಗಾದರೂ ಬಂದೇ ಬರುತ್ತದೆ. ಶುರುವಿನಲ್ಲೇ ಖಡಾಖಂಡಿತವಾಗಿ ಬೇಡವೆನ್ನಿ.

ಬೆಂಗಳೂರಿನಲ್ಲಿ 100 ಸೆಂ.ಮೀ. ಶಂಕುವಿನ ನಡುಹಗಲ ನೆರಳು ಡಿಸೆಂಬರ್ 21ಕ್ಕೆ ಉತ್ತರಕ್ಕೆ 73.7 ಸೆಂ.ಮೀ., ಮಾರ್ಚ್ ವಿಷುವದ ದಿನ (ಹಗಲು ರಾತ್ರಿ ಸಮವಾಗುವ ದಿನ) ಉತ್ತರಕ್ಕೆ 23 ಸೆಂ.ಮೀ., ಜೂನ್ 21ಕ್ಕೆ ದಕ್ಷಿಣಕ್ಕೆ 18.5 ಸೆಂ.ಮೀ. ನೆರಳು ದಕ್ಷಿಣಕ್ಕೂ ಬೀಳುತ್ತದೆ ಎಂಬುದೇ ಎಷ್ಟೋ ಮಕ್ಕಳಿಗೆ ಹೊಸದು. ನೆರಳನ್ನು ಎತ್ತರದಿಂದ ಭಾಗಿಸಿದರೆ ಟ್ಯಾನ್. ಅದರಿಂದ ಕೋನ: 36.4, 13, ಮತ್ತು ದಕ್ಷಿಣಕ್ಕೆ 10.5. ಡಿಸೆಂಬರ್ ಮತ್ತು ಜೂನಿನ ಕೋನಗಳ ನಡು ಹಿಡಿಯಿರಿ, ದಕ್ಷಿಣವನ್ನು ಋಣವೆಂದುಕೊಂಡು: 36.4 ರಲ್ಲಿ 10.5 ಕಳೆದು ಅರ್ಧ ಮಾಡಿದರೆ 12.95, ಊರಿನ ಅಕ್ಷಾಂಶ. ಎರಡನ್ನೂ ಕೂಡಿಸಿ ಅರ್ಧ ಮಾಡಿದರೆ 23.45, ಭೂಮಿಯ ಅಕ್ಷದ ವಾಲಿಕೆ. ಪುಸ್ತಕದಲ್ಲಿ ಉರುಹೊಡೆದ ಇಪ್ಪತ್ತಮೂರೂವರೆ ಡಿಗ್ರಿ ಅಂಗಳದ ನೆಲದಿಂದ ಎದ್ದು ಬಂದದ್ದು ಹೀಗೆ. ಜೂನ್ 21ಕ್ಕೆ ಮೋಡ ಕವಿದಿದ್ದರೆ ಐದು ದಿನ ಹಿಂದೆ ಮುಂದೆ ಅಳೆದರೂ ವ್ಯತ್ಯಾಸ 2 ಮಿ.ಮೀ. ಮೀರದು. ಕರಾವಳಿ, ಮಲೆನಾಡಿನಲ್ಲಿ ಆ ತಿಂಗಳು ಬಿಸಿಲನ್ನೇ ನೆಚ್ಚಬಾರದು. ಅವರು ವಿಷುವದ ಅಳತೆಯಿಂದಲೇ ಅಕ್ಷಾಂಶ ಪಡೆಯಲಿ.

ವಿಷುವದ ನಡುಹಗಲ ನೆರಳಿಗೆ ನಮ್ಮ ಜ್ಯೋತಿಷ ಗ್ರಂಥಗಳಲ್ಲಿ ಪಲಭಾ ಎಂಬ ಹೆಸರೇ ಇದೆ. ಶಂಕು 12 ಅಂಗುಲ. ಪಲಭಾ ಹೇಳಿದರೆ ಊರಿನ ಅಕ್ಷಾಂಶ ಹೇಳಿದಂತೆ. ಬೆಂಗಳೂರಿಗೆ ಅದು ಸುಮಾರು 2 ಅಂಗುಲ 46 ವ್ಯಂಗುಲ (ಅಂಗುಲದ ಅರವತ್ತನೇ ಒಂದು ಭಾಗ ಒಂದು ವ್ಯಂಗುಲ). ಆ ದಿನ ಚಿಕ್ಕ ಹಲಗೆಯನ್ನೂ ಬಿಡಬೇಡಿ. ವರ್ಷದ ಉಳಿದ ದಿನಗಳಲ್ಲಿ ನೆರಳಿನ ತುದಿಯ ಜಾಡು ಬಾಗಿದ ಗೆರೆ, ಅತಿಪರವಲಯ (ಹೈಪರ್ಬೋಲಾ). ಚಳಿಗಾಲದಲ್ಲಿ ಉತ್ತರಕ್ಕೆ, ಜೂನಿನಲ್ಲಿ ದಕ್ಷಿಣಕ್ಕೆ ತೆರೆದಿರುತ್ತದೆ. ವಿಷುವದ ದಿನ ಮಾತ್ರ ಬೆಳಗಿನಿಂದ ಸಂಜೆತನಕ ಎಲ್ಲ ಚುಕ್ಕೆಗಳೂ ಅಳತೆಗೋಲು ಇಟ್ಟಂತೆ ಒಂದೇ ನೇರ ಗೆರೆಯಲ್ಲಿ. ಇಡೀ ವರ್ಷದ ಕೆಲಸದಲ್ಲಿ ಇದಕ್ಕಿಂತ ಚೆಂದದ ಫಲಿತಾಂಶ ಇನ್ನೊಂದಿಲ್ಲ.

ಎರಟೋಸ್ತನೀಸ್ ಕ್ರಿ.ಪೂ. 3ನೇ ಶತಮಾನದಲ್ಲಿ ಅಲೆಕ್ಸಾಂಡ್ರಿಯಾ ಮತ್ತು ಸಯೀನ್ ಊರುಗಳಿಂದ ಭೂಮಿಯ ಸುತ್ತಳತೆ ಲೆಕ್ಕ ಹಾಕಿದ ಕಥೆ ಎಲ್ಲರಿಗೂ ಗೊತ್ತು. ನಮಗೆ ಬೆಂಗಳೂರು ಮತ್ತು ಬೀದರ್ ಸಾಕು. ಎರಡೂ ಬಹುತೇಕ ಒಂದೇ ರೇಖಾಂಶದಲ್ಲಿವೆ. ನೇರ ದೂರ ಸುಮಾರು 546 ಕಿ.ಮೀ. ಬಸ್ಸಿನ ದೂರ ಹಾಕಬೇಡಿ, ನಕ್ಷೆಯಲ್ಲಿ ನೇರ ಗೆರೆ ಎಳೆದು ಅಳೆಯಿರಿ. ಡಿಸೆಂಬರ್ 21ಕ್ಕೆ ಬೀದರಿನಲ್ಲಿ ಮೀಟರ್ ಶಂಕುವಿನ ನೆರಳು 88 ಸೆಂ.ಮೀ., ಕೋನ 41.35, ಬೆಂಗಳೂರಿನದು 36.41. ವ್ಯತ್ಯಾಸ 4.94 ಡಿಗ್ರಿ. 360ನ್ನು ಅದರಿಂದ ಭಾಗಿಸಿ 546ರಿಂದ ಗುಣಿಸಿದರೆ ಸುಮಾರು 39,800 ಕಿ.ಮೀ. ಆದರೆ ಒಂದು ಕಡೆ ನೆರಳು 1 ಸೆಂ.ಮೀ. ತಪ್ಪಿದರೆ ಕೋನ 0.37 ಡಿಗ್ರಿ ತಪ್ಪುತ್ತದೆ. ಭೂಮಿಯ ಸುತ್ತಳತೆಯಲ್ಲಿ ಸುಮಾರು 3,000 ಕಿ.ಮೀ. ಏರುಪೇರು. ಮಕ್ಕಳ ಉತ್ತರ 37,000 ಬಂದರೆ ಅದನ್ನು ತಿದ್ದಿ 40,000 ಮಾಡಿಸುವ ಚಟ ನಮ್ಮಲ್ಲಿದೆ. ಹಾಗೆ ಮಾಡಬೇಡಿ. ಆ ಒಂದು ಸೆಂಟಿಮೀಟರ್ ಎಲ್ಲಿ ಕಳೆಯಿತು ಎಂದು ಹುಡುಕಿಸಿ. ಹತ್ತಿರದ ಊರುಗಳ ಜೋಡಿ ಈ ಕೆಲಸಕ್ಕೆ ಬಾರದು ಏಕೆಂದು ಆಗ ಅವರಿಗೇ ತಿಳಿಯುತ್ತದೆ.

ನಡುಹಗಲಿಗೆ ಸೂರ್ಯ ನೆತ್ತಿಗೆ ಬಂದು ನೆರಳೇ ಇಲ್ಲವಾಗುವ ಶೂನ್ಯ ನೆರಳಿನ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಪತ್ರಿಕೆಗಳು ಸಾಕಷ್ಟು ಹೇಳುತ್ತವೆ. ಬೆಂಗಳೂರಿಗೆ ಏಪ್ರಿಲ್ 24ರ ಸುಮಾರು ಮತ್ತು ಆಗಸ್ಟ್ 18ರ ಸುಮಾರು. ಬೀದರಿಗೆ ಮೇ 11ರ ಆಸುಪಾಸು. ಏಪ್ರಿಲ್ ಕೊನೆಯಲ್ಲಿ ಅದು ದಿನಕ್ಕೆ ಸುಮಾರು 36 ಕಿ.ಮೀ. ಉತ್ತರಕ್ಕೆ ನಡೆಯುತ್ತದೆ. ನೋಡಲು ಸೊಗಸು, ಅಳತೆಗೆ ಅಷ್ಟು ಪ್ರಯೋಜನವಿಲ್ಲ. ಒಂದು ದಿನ ತಪ್ಪಿದರೂ ಮೀಟರ್ ಶಂಕುವಿನ ನೆರಳು 6 ಮಿ.ಮೀ. ಮಾತ್ರ, ಅದೂ ಮಬ್ಬಂಚಿನಲ್ಲಿ ಮುಚ್ಚಿಹೋಗುತ್ತದೆ. ಅಲ್ಲದೆ ಏಪ್ರಿಲ್ 24ಕ್ಕೆ ಶಾಲೆಗೆ ಬೇಸಿಗೆ ರಜೆ. ಆಗಸ್ಟ್‌ಗೆ ಮೋಡ.

ಎತ್ತರ ಅಳೆಯುವುದನ್ನು ಎಲ್ಲರೂ ಮಾಡಿಸುತ್ತಾರೆ: ಧ್ವಜಸ್ತಂಭದ ನೆರಳು, ಕೋಲಿನ ನೆರಳು, ಸಮರೂಪ ತ್ರಿಭುಜ. ತೊಡಕು ಬರುವುದು ದೇವಸ್ಥಾನದ ಗೋಪುರ, ನೀರಿನ ಟ್ಯಾಂಕು ಇಂಥವಕ್ಕೆ. ತುದಿಯ ನೇರ ಕೆಳಗಿನ ಬಿಂದು ಕಟ್ಟಡದ ಒಳಗಿರುತ್ತದೆ, ಅಲ್ಲಿಂದ ಟೇಪು ಹಿಡಿಯಲಾಗದು. ಆಗ ನೆರಳಿನ ಉದ್ದ ಬಿಡಿ, ನೆರಳು ಸರಿದ ದೂರ ಅಳೆಯಿರಿ. ಡಿಸೆಂಬರಿನಲ್ಲಿ 10:00ಕ್ಕೊಮ್ಮೆ 10:40ಕ್ಕೊಮ್ಮೆ ಟ್ಯಾಂಕಿನ ನೆರಳಿನ ತುದಿಗೂ ಮೀಟರ್ ಶಂಕುವಿನ ನೆರಳಿನ ತುದಿಗೂ ಗೂಟ ಹೊಡೆಯಿರಿ. ಶಂಕುವಿನ ತುದಿ 28.5 ಸೆಂ.ಮೀ. ಸರಿದಿದ್ದು ಟ್ಯಾಂಕಿನದು 4.28 ಮೀಟರ್ ಸರಿದಿದ್ದರೆ ಎತ್ತರ 15 ಮೀಟರ್. ಬುಡ ಎಲ್ಲಿದೆ ಎಂದು ತಿಳಿಯುವ ಅಗತ್ಯವೇ ಇಲ್ಲ. ಎರಡೂ ತುದಿಗಳು ಒಂದೇ ಮಟ್ಟದ ನೆಲದ ಮೇಲೆ ಬೀಳಬೇಕು, ಎರಡೂ ಗೂಟಗಳನ್ನು ಒಂದೇ ಸಿಳ್ಳೆಗೆ ಹೊಡೆಯಬೇಕು, ಅಷ್ಟೆ.

ಕೊನೆಗೆ ಅಯನದ ವಿಷಯ. ನಡುಹಗಲ ನೆರಳು ಅತಿ ಉದ್ದವಾಗುವ ದಿನ ಯಾವುದು? ಡಿಸೆಂಬರ್ 16ರಿಂದ 26ರವರೆಗೆ ನೆರಳು 3 ಮಿ.ಮೀ. ಒಳಗೇ ಆಡುತ್ತಿರುತ್ತದೆ, ನೇರವಾಗಿ ಹಿಡಿಯಲಾಗದು. ಮತ್ತೆ ಅದೇ ಉಪಾಯ. ನವೆಂಬರ್ 21ರಂದು ನೆರಳು 64.6 ಸೆಂ.ಮೀ. ಇರುತ್ತದೆ, ದಿನಕ್ಕೆ ಅರ್ಧ ಸೆಂ.ಮೀ.ನಂತೆ ಬೆಳೆಯುತ್ತಿರುತ್ತದೆ. ಹಿಂದಿರುಗಿ ಅದೇ 64.6ಕ್ಕೆ ಬರುವುದು ಜನವರಿ 21ರ ಹೊತ್ತಿಗೆ. ನಡು ಹಿಡಿದರೆ ಡಿಸೆಂಬರ್ 21, 22.

ಇಲ್ಲಿ ಮಕ್ಕಳು ಕೇಳಿಯೇ ಕೇಳುತ್ತಾರೆ: ಉತ್ತರಾಯಣ ಶುರುವಾಗುವುದು ಸಂಕ್ರಾಂತಿಗಲ್ಲವೇ? ಜನವರಿ 14ರ ನೆರಳನ್ನು ಅವರ ಕೈಯಲ್ಲೇ ಅಳೆಸಿ. ಅದು 68 ಸೆಂ.ಮೀ.; ಆಗಲೇ ಐದೂವರೆ ಸೆಂ.ಮೀ. ಹಿಂದೆ ಸರಿದಾಗಿದೆ. ಹಬ್ಬ ತಪ್ಪಲ್ಲ, ಅದರ ಲೆಕ್ಕ ಬೇರೆ. ಪಂಚಾಂಗದ ಮಕರ ಸಂಕ್ರಮಣ ನಕ್ಷತ್ರಗಳ ಹಿನ್ನೆಲೆಯಲ್ಲಿ ಸೂರ್ಯ ಮಕರ ರಾಶಿಗೆ ಕಾಲಿಡುವ ದಿನ. ಭೂಮಿಯ ಅಕ್ಷ ಬುಗುರಿಯಂತೆ ನಿಧಾನವಾಗಿ ವಾಲಾಡುವುದರಿಂದ ಅಯನದ ಬಿಂದು ನಕ್ಷತ್ರಗಳಿಂದ ಸುಮಾರು 24 ಡಿಗ್ರಿ ಸರಿದಿದೆ. ಆ ಸರಿತಕ್ಕೆ ಪಂಚಾಂಗದಲ್ಲೇ ಅಯನಾಂಶ ಎಂದು ಹೆಸರಿದೆ. ಮೀಟರ್ ಶಂಕುವಿನ ಐದೂವರೆ ಸೆಂಟಿಮೀಟರ್ ಅಂದರೆ ನೂರಾರು ವರ್ಷಗಳ ಈ ಸರಿತವೇ.

ಬೆಂಗಳೂರಿನ ಗವಿ ಗಂಗಾಧರೇಶ್ವರ ಗುಡಿಯಲ್ಲಿ ಸಂಕ್ರಾಂತಿಯ ಸಂಜೆ ಸೂರ್ಯನ ಬೆಳಕು ನಂದಿಯ ಕೊಂಬುಗಳ ನಡುವೆ ಹಾದು ಗರ್ಭಗುಡಿಗೆ ಬೀಳುವುದನ್ನು ಸಾವಿರಾರು ಜನ ನೋಡುತ್ತಾರೆ. ನೆರಳಿನ ಪುಸ್ತಕ ಇಟ್ಟಿರುವ ಮಕ್ಕಳಿಗೆ ಇದರ ಮೇಲೊಂದು ಲೆಕ್ಕ ಕೊಡಿ: ಜನವರಿ 14ರ ನೆರಳಿನಷ್ಟೇ ಉದ್ದದ ನೆರಳು ಅಯನದ ಆಚೆ ಬದಿಯಲ್ಲಿ ಯಾವ ದಿನ ಇತ್ತು? ಪುಟ ಹಿಂದಕ್ಕೆ ತಿರುಗಿಸಿದರೆ ನವೆಂಬರ್ 28ರ ಸುಮಾರು ಸಿಗುತ್ತದೆ. ಆ ಸಂಜೆಯೂ ಸೂರ್ಯ ಅದೇ ಜಾಗದಲ್ಲಿ ಮುಳುಗುತ್ತಾನೆ. ಜನಜಂಗುಳಿ ಮಾತ್ರ ಇರುವುದಿಲ್ಲ.